ಆರ್ನೋನ ಮೂಗು

ಟೆಕ್ಸಸ್ಸಿನ ಈ ಗುಡ್ಡಗಳಲ್ಲಿ ಜನವರಿ ಬಂತೆಂದರೆ ಸೀಡರ್ ಮರಗಳು ಹಳದಿ ಪರಾಗ ಕಾರುತ್ತವೆ, ಊರಿಗೆ ಊರೇ ಸೀನುತ್ತದೆ. ಅದೇ ಚಳಿಯಲ್ಲಿ ಚರ್ಚಿನವರೆಲ್ಲ ಸೇರಿ ವರ್ಷದ ಸಾಸೇಜ್ ಮಾಡುವುದು. ಕೊಚ್ಚಿದ ಮಾಂಸಕ್ಕೆ ಮೆಣಸು, ಬೆಳ್ಳುಳ್ಳಿ ಕಲಸಿ ಮುದುಕ ಆರ್ನೋನ ಮುಂದಿಡಬೇಕು. ಅವನು ಮೂಸಿ "ಸಾಕು" ಎಂದ ಮೇಲೆಯೇ ತೊಳೆದ ಹಂದಿಕರುಳಿಗೆ ತುಂಬುವುದು. ಅಪ್ಪನಿಂದ ಬಂದ ಪಟ್ಟ. ಪುಣ್ಯಾತ್ಮನಿಗೆ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ.

ಆದರೆ ಕೆಲವು ವರ್ಷಗಳಿಂದ ಆ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಯಾರಿಗೂ ಹೇಳದೆ, ಅಂದಾಜಿನ ಮೇಲೆ "ಸಾಕು" ಎಂದು ಕಾಫಿಗೆ ಎದ್ದು ಹೋಗುತ್ತಿದ್ದ. ಈ ಸಲವೂ ಹೀಗೇ ಆದರೆ ಏಪ್ರನ್ ಬಿಚ್ಚಿಟ್ಟು ಪಟ್ಟ ಬಿಟ್ಟುಬಿಡುವುದೆಂದು ಒಳಗೊಳಗೇ ತೀರ್ಮಾನಿಸಿದ್ದ.

"ಜುಲೈನಲ್ಲೂ ಸೀನ್ತೀರಲ್ಲ, ಅದೂ ಸೀಡರಾ?" ಎಂದು ಹೆಂಡತಿ ಮೆಲಿಟಾ ಕೆಣಕುತ್ತಿದ್ದಳು.

"ಇನ್ನೇನು ಮತ್ತೆ? ಈ ಊರಲ್ಲಿ ಮೂಗು ಕಟ್ಟಿದ್ರೆ ಸೀಡರೇ ಕಣೇ!"

ಊರಿನವರೆಲ್ಲರ ತಪ್ಪೂ ಅದೇ. ಕೊನೆಗೆ ಅಕ್ಟೋಬರಿನಲ್ಲಿ ಅವಳೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಯಾವುದರ ಅಲರ್ಜಿಯೆಂದು ತೋಳಿಗೆ ಚುಚ್ಚಿ ನೋಡಿದರು. ಸೀಡರಿನ ಜಾಗ ಊದಿತು. ಧೂಳಿನ ಹುಳದ ಜಾಗ ಅದಕ್ಕಿಂತ ಜೋರಾಗಿ ಊದಿತು.

"ದಿಂಬು ಎಷ್ಟು ಹಳೇದು, ತಾತ?"

"ನಮ್ಮಮ್ಮ ತುಂಬಿದ್ದು. ಬಾತುಕೋಳಿ ಪುಕ್ಕದ್ದು."

"ಅಯ್ಯೋ ದೇವರೇ! ಆ ಹುಳಗಳ ಮನೆಯೇ ಅದು, ಮೊದಲು ಅದನ್ನ ಆಚೆ ಹಾಕಿ. ಮೂಗಿಗೆ ಸ್ಪ್ರೇ ಹೇಗೆ ಹಾಕ್ಕೋತೀರ?"

ಆರ್ನೋ ಜೇಬಿನಿಂದ ತನ್ನ ಸ್ಪ್ರೇ ತೆಗೆದು, ತಲೆ ಹಿಂದಕ್ಕೆ ಚೆಲ್ಲಿ ಸೊರ್ರೆಂದು ಎಳೆದು ತೋರಿಸಿದ.

"ಎಲ್ಲ ಗಂಟಲಿಗೇ ಹೋಯ್ತಲ್ಲ! ತಲೆ ಬಗ್ಗಿಸಿ, ತುದಿ ಕಿವಿ ಕಡೆ ತಿರುಗಿಸಿ, ಮೆತ್ತಗೆ ಉಸಿರೆಳ್ಕೊಳ್ಳಿ. ಸೀನು ಬಂದ ದಿನ ಮಾತ್ರ ಅಲ್ಲ, ದಿನಾ ಹಾಕ್ಬೇಕು. ಸೀಡರ್ ಶುರುವಾಗೋ ಮುಂಚಿಂದ್ಲೇ."

ಅಮ್ಮನ ದಿಂಬನ್ನು ಗೊಣಗುತ್ತಲೇ ಬಿಟ್ಟ, ಗೊಣಗುತ್ತಲೇ ದಿನಾ ಸ್ಪ್ರೇ ಹಾಕಿಕೊಂಡ.

ಜನವರಿಯ ಆ ಬೆಳಿಗ್ಗೆ ಕೊಪ್ಪರಿಗೆಯ ಮೇಲೆ ಬಗ್ಗಿದಾಗ ಮೆಣಸಿನ ಘಾಟು ಮೂಗಿಗೆ ಹೊಡೆಯಿತು! ಕಣ್ಣಲ್ಲಿ ನೀರು ತುಂಬಿತು. ಕಾಫಿಗೆ ಏಳಲಿಲ್ಲ.

"ಬೆಳ್ಳುಳ್ಳಿ ಕಮ್ಮಿ ಆಗಿದೆ," ಎಂದ. ಅಷ್ಟರಲ್ಲಿ ಪಕ್ಕದಿಂದಲೇ ಬೆಳ್ಳುಳ್ಳಿಯ ವಾಸನೆ ಘಮ್ಮೆಂದಿತು. ಮೆಲಿಟಾಳ ಕೈ ಏಪ್ರನ್ನಿನ ಜೇಬಿನಲ್ಲಿ ಮುಷ್ಟಿ ಕಟ್ಟಿತ್ತು.

"ನಾನು ಕಾಫಿಗೆ ಎದ್ದ ಮೇಲೆ ಇದನ್ನ ಹಾಕ್ತಿದ್ಯಾ? ಪ್ರತಿ ವರ್ಷ?"

ಸುತ್ತಲಿನವರೆಲ್ಲ ಸೂರು ನೋಡತೊಡಗಿದರು. ಎಲ್ಲರಿಗೂ ಗೊತ್ತಿತ್ತು.

"ಹೇಳಬಾರ್ದಿತ್ತೇನೇ?"

"ಹೇಳಿದ್ರೆ ನೀವು ಏಪ್ರನ್ ಬಿಚ್ಚಿಡ್ತಿದ್ರಿ," ಎಂದಳು ಮೆಲಿಟಾ, ತಲೆ ತಗ್ಗಿಸಿ.

ಆರ್ನೋ ಅವಳ ಮುಷ್ಟಿಯನ್ನು ಮೆಲ್ಲಗೆ ಕೊಪ್ಪರಿಗೆಯ ಮೇಲೆ ತಂದು ಬಿಡಿಸಿದ.

"ಪೂರ್ತಿ ಹಾಕು," ಎಂದ. "ಅಷ್ಟೇ ಕಮ್ಮಿ ಇರೋದು."