ಹಸಿ ಮೈಯಲ್ಲಿ ಓದಿದವಳ ಕಣ್ಣು

ನನ್ನ ಬಲಗಣ್ಣಿಗೆ ಪೊರೆ ಯಾಕೆ ಬಂತು ಅನ್ನುವುದನ್ನು ಡಾಕ್ಟರಿಗಿಂತ ಮೊದಲು ಪತ್ತೆ ಹಚ್ಚಿದವಳು ನಮ್ಮಕ್ಕ. ನನ್ನ ಮಗಳ ಬಾಣಂತನಕ್ಕೆಂದು ಕೊಡ್ಲಿ ಊರಿನಿಂದ ವಾಡಿಯ ನಮ್ಮ ಮನೆಗೆ ಬಂದಿದ್ದಳು. ಮಸುಕುಗಣ್ಣಲ್ಲಿ ಕೂಸಿಗೆ ಎರೆಯಲು ನನಗೆ ಧೈರ್ಯವಿರಲಿಲ್ಲ, ಎಲ್ಲ ಆಕೆಯೇ ಮಾಡುತ್ತಿದ್ದಳು. ಆ ಉಪಕಾರ ಮರೆಯುವವಳಲ್ಲ ನಾನು. ಆದರೆ ಬಂದ ಮೂರನೇ ದಿನಕ್ಕೇ ಮಗಳ ದಿಂಬಿನ ಪಕ್ಕದ ಪುಸ್ತಕಗಳನ್ನೆಲ್ಲ ಎತ್ತಿ ಅಲಮಾರಿಯೊಳಗಿಟ್ಟು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡುಬಿಟ್ಟಳು.

"ಹಸಿ ಮೈಯಾಗ ಓದಿದ್ರ ಕಣ್ಣು ಹೋಗ್ತಾವ. ನಂಬಿಕಿ ಇಲ್ಲಂದ್ರ ನಿಮ್ಮವ್ವನ್ನ ನೋಡು. ನಿನ್ನ ಹಡೆದಾಗ ಕದ್ದು ಓದಿದಳಲ್ಲ, ಈಗ ಅನುಭವಿಸ್ಲಿಕತ್ತಾಳ."

ಮಗಳ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಇನ್ನು ಮೂರೇ ವಾರ ಇತ್ತು. ಇದು ತಪ್ಪಿದರೆ ಮುಂದೆ ಯಾವಾಗ ಕರೆಯುತ್ತಾರೋ ದೇವರಿಗೇ ಗೊತ್ತು. ಎರಡು ದಿನ ದೊಡ್ಡವ್ವನ ಜೊತೆ ಜಗಳಾಡಿದಳು, ಮೂರನೇ ದಿನ ಸುಮ್ಮನಾದಳು. ಆಕೆಯ ಬಾಯಿ ಮುಚ್ಚಿಸಿದ್ದು ನನ್ನ ಕಣ್ಣು. ನನಗೆ ಎಂಥ ಸಿಟ್ಟು ಬಂತೆಂದರೆ, ಆ ಕಣ್ಣನ್ನು ಕಿತ್ತು ಒಗೆಯಬೇಕು ಅನ್ನಿಸಿತು.

ಕಿತ್ತು ಒಗೆಯುವ ದಿನವೂ ಬಂತೆನ್ನಿ. ಕಲಬುರಗಿಯ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಡ್ರಾಪ್ಸ್ ಹಾಕಿ ಕೂರಿಸಿದ್ದರು. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಫೈಲು ಹಿಡಿದು ಬಂದಳು. ಆಪರೇಷನ್ನಿನಲ್ಲಿ ಕಣ್ಣೊಳಗಿನ ಮಸೂರದ ಮೇಲಿನ ತೆಳ್ಳನೆಯ ಪದರವೊಂದು ಹೊರಬರುತ್ತದೆ, ಅದನ್ನು ನಮಗೆ ಕೊಡುತ್ತೀರಾ, ಸಹಿ ಬೇಕು ಅಂದಳು.

"ಒಗಿಯೋದಕ್ಕ ಸಹಿ ಯಾಕವ್ವಾ?"

"ಒಗಿಯೋದಾದ್ರೂ ನಿಮ್ಮದಲ್ಲೇನ್ರಿ ಅಮ್ಮಾ? ಕೇಳದ ಹ್ಯಾಂಗ ತಗೊಳ್ಳೋದು?"

ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಏನೂ ಕೇಳಿದ ನೆನಪಿಲ್ಲ. ಶುಗರ್ ಇದೆಯಾ, ತಂಬಾಕು ತಿನ್ನುತ್ತೀರಾ, ಬಿಸಿಲಲ್ಲಿ ದುಡಿದಿದ್ದೀರಾ ಎಂದು ಒಂದೊಂದೇ ಕೇಳಿ ಬರೆದುಕೊಂಡಳು. ಶುಗರ್ ಇದೆ ಅಂದೆ. ಪಟ್ಟಿ ಮುಗಿಯಿತು.

"ಬಾಣಂತನದಾಗ ಓದಿದ್ರೇನು ಅಂತ ಕೇಳಲಿಲ್ಲಲ್ಲ?"

ಆಕೆ ನಗಲಿಲ್ಲ. ಪಕ್ಕದಲ್ಲಿ ಕೂತು ತಿಳಿಸಿ ಹೇಳಿದಳು. ಮಸೂರದ ನಡುಭಾಗ ನಾವು ತಾಯಿಯ ಹೊಟ್ಟೆಯಲ್ಲಿದ್ದಾಗ ಆದದ್ದು, ಸಾಯುವತನಕ ಅದೇ ಇರುತ್ತದಂತೆ. ಅದರೊಳಗಿನ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗದಂತೆ ಕಾಯುವ ಬೇರೆ ಪ್ರೋಟೀನುಗಳೂ ಇವೆಯಂತೆ. ಮಸೂರದ ಜೀವಕೋಶಗಳಲ್ಲಿ ಕಾಯುವ ಕೆಲಸದ ಜೀನುಗಳು ವಯಸ್ಸಾದಂತೆ ಕೆಲವು ಮೆತ್ತಗಾಗುತ್ತವೆ, ಇನ್ನು ಕೆಲವು ಸಂಕಟಕ್ಕೆ ಸಿಕ್ಕು ವಿಪರೀತ ಕೆಲಸ ಮಾಡುತ್ತವೆ. ಜೀನು ಅದೇ, ಅದರ ದುಡಿಮೆ ಹೆಚ್ಚುಕಡಿಮೆ. ಪೊರೆ ಬಂದ ಕಣ್ಣಲ್ಲಿ ಯಾವುದು ಎಷ್ಟು ದುಡಿಯುತ್ತಿದೆ ಎಂದು ನೋಡುವುದೇ ಆಕೆಯ ಕೆಲಸ. ಓದಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂದಳು. ನಾನು ಒತ್ತಿ ಸಹಿ ಹಾಕಿದೆ.

ಮರುದಿನ ಕಣ್ಣಿಗೆ ಮುಚ್ಚಳ ಕಟ್ಟಿಕೊಂಡು, ನಮ್ಮ ಮನೆಯವರ ಜೊತೆ ಪ್ಯಾಸೆಂಜರ್ ರೈಲು ಹತ್ತಿದೆ. ಶಹಾಬಾದ್ ದಾಟುವತನಕ ಅಕ್ಕನಿಗೆ ಹೇಳಬೇಕಾದ ಮಾತುಗಳನ್ನೇ ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಆದರೆ ನನ್ನೊಳಗೆ ಇನ್ನೊಂದು ಮಾತು ಕೂತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಬಾಣಂತನದಲ್ಲಿ ಕದ್ದು ಓದಿದೆ ಎಂಬ ಕತೆ ಕಟ್ಟಿದ್ದು ನಾನೇ. ಮಗಳು ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಹೆದರಿ ಶಾಲೆ ಬಿಡುತ್ತೇನೆ ಅಂದಾಗ, "ನಿನ್ನನ್ನ ತೊಡಿ ಮ್ಯಾಲ ಹಾಕ್ಕೊಂಡು ಚಾದರದಾಗ ಕದ್ದು ಓದಿದಾಕಿ ನಾನು. ಪರೀಕ್ಷಾ ದಿನ ಜ್ವರ ಬಂತು, ಇಲ್ಲಂದ್ರ ಟೀಚರ್ ಆಗ್ತಿದ್ದೆ" ಎಂದು ಜಂಬ ಕೊಚ್ಚಿದ್ದೆ. ಆಕೆ ಅದನ್ನೇ ನಂಬಿ, ದೊಡ್ಡವ್ವನಿಗೂ ಹೇಳಿ, ಬಿ.ಎಡ್. ಮುಗಿಸಿದಳು. ನಾನು ಅಂಗನವಾಡಿ ಕೆಲಸದಲ್ಲೇ ಉಳಿದೆ.

ಮನೆಗೆ ಬಂದವಳೇ ಮೊದಲು ಆಸ್ಪತ್ರೆಯ ಹುಡುಗಿ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅಕ್ಕ ಕೂಸಿನ ಲಂಗೋಟಿ ಮಡಚುತ್ತಾ ಕೇಳಿಸಿಕೊಂಡಳು.

"ಆ ಹುಡುಗಿ ಹಡೆದಾಳೇನು?"

"ಇಲ್ಲ. ಲಗ್ನನೇ ಆಗಿಲ್ಲ."

"ಮತ್ತ ಆಕಿಗೇನು ಗೊತ್ತು ಬಿಡು. ಓದಿದಾಕಿ ನೀನು, ಕಣ್ಣು ಕೆಟ್ಟಿದ್ದೂ ನಿನ್ನದೇ."

ಮಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಆ ಬೆನ್ನು ನೋಡಿ ನನಗೆ ತಡೆಯಲಿಲ್ಲ.

"ನಾ ಓದೇ ಇಲ್ಲ ಅಕ್ಕಾ! ಒಂದು ಸಾಲೂ ಓದಿಲ್ಲ. ನೀ ಬ್ಯಾಡ ಅಂದಿ, ನಾ ಬಿಟ್ಟೆ. ನನ್ನ ಪುಸ್ತಕಕ್ಕ ಕೀಲಿನೂ ಇರಲಿಲ್ಲ, ಗೂಡಿನಾಗೇ ಇದ್ವು, ಕೈ ಚಾಚಿದ್ರ ಸಿಗ್ತಿದ್ವು. ಜ್ವರನೂ ಬಂದಿರಲಿಲ್ಲ, ಅಂಜಿ ಪರೀಕ್ಷಾಕ್ಕ ಹೋಗಲಿಲ್ಲ. ನಲವತ್ತು ದಿನ ಸುಮ್ಮನ ಮಲಗಿದಾಕಿ ಕಣ್ಣಿಗೇ ಪೊರಿ ಬಂದದ. ಈಗ ಹೇಳು, ಏನು ಹೇಳ್ತಿ!"

ಅಕ್ಕನ ಕೈ ನಿಂತುಹೋಯಿತು. ಮಗಳು ಎದ್ದು ಕೂತು ನನ್ನನ್ನೇ ನೋಡಿದಳು.

"ಅಂದ್ರ ಇಷ್ಟು ವರ್ಷ ನನಗ ಸುಳ್ಳು ಹೇಳಿದಿ?"

"ಹೂಂ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಆದರೂ ತಲೆ ತಗ್ಗಿಸಲಿಲ್ಲ. ಮಗಳು ಎದ್ದು ನಿಂತು, ಮಲಗಿದ್ದ ಕೂಸನ್ನು ಎತ್ತಿ ದೊಡ್ಡವ್ವನ ತೊಡೆಯ ಮೇಲೆ ಹಾಕಿದಳು. ಅಕ್ಕ ಎರಡೂ ಕೈಯಿಂದ ಅದನ್ನು ಹಿಡಿದುಕೊಳ್ಳುತ್ತಿದ್ದಂತೆ ಆಕೆಯ ಸೊಂಟದಿಂದ ಕೀಲಿ ಎಳೆದುಕೊಂಡಳು.

"ಏ, ಏ! ಏನು ಮಾಡ್ಲಿಕತ್ತಿ! ತಡಿ!" ಅಕ್ಕ ಕೂಗಿದಳು. ತೊಡೆಯ ಮೇಲೆ ಕೂಸು, ಏಳುವುದಾದರೂ ಹೇಗೆ?

ಮಗಳು ಅಲಮಾರಿ ತೆಗೆದು, ಎಲ್ಲಕ್ಕಿಂತ ದಪ್ಪನೆಯ ಪುಸ್ತಕ ಹಿರಿದು, ಗೋಡೆಗೊರಗಿ ಕೂತಳು. ನನ್ನ ಕಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತಾಗಿತ್ತು. ನಾನು ಬಾಟಲಿ ಹಿಡಿದು ಆಕೆಯ ಮುಂದೆ ಹೋಗಿ ನಿಂತೆ.

"ಈ ಪಾಠ ಮುಗೀಲಿ, ಹಾಕ್ತೀನಿ," ಅಂದಳು, ತಲೆ ಎತ್ತದೆ. "ಅಲ್ಲೀತನಕ ಕುಂದ್ರು ಅವ್ವಾ."

ಕುಳಿತೆ.