ಗಾಳಿಮರದ ಕೆಳಗೆ ಸಾಲಾಗಿ ಇಟ್ಟ ಚೀಲಗಳು

ಈ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಅಮೃತಹಳ್ಳಿಯ ನಮ್ಮ ಮನೆಯ ಸಜ್ಜದ ಮೇಲಿಂದ ತಾಂಬೂಲದ ಚೀಲಗಳ ಒಂದು ಕಟ್ಟು ಕೆಳಗಿಳಿಯಿತು. ಇಳಿಸಿದವಳು ನನ್ನ ಅಣ್ಣನ ಮಗಳು ರೂಪಾ. ಏಣಿ ಹಿಡಿದು ನಿಂತಿದ್ದವನು ನಾನು. ಮನೆಗೆ ಬಣ್ಣ ಹೊಡೆಸುವುದಿತ್ತು, ಸಜ್ಜ ಖಾಲಿಯಾಗಬೇಕಿತ್ತು, ಅದಕ್ಕೆಂದೇ ಅವಳು ನಾಗಸಂದ್ರದ ತನ್ನ ಮನೆಯಿಂದ ಬಂದಿದ್ದಳು.

ಚೀಲಗಳು ಹಳದಿ. ಮೇಲೆ ಕುಂಕುಮ ಬಣ್ಣದಲ್ಲಿ ರೂಪಾ ಮತ್ತು ಅವಳ ಗಂಡ ಮಂಜುನಾಥನ ಹೆಸರು, ಕೆಳಗೆ ಅಣ್ಣ ಅತ್ತಿಗೆಯ ಹೆಸರು, ಅದರ ಕೆಳಗೆ ಅಮೃತಹಳ್ಳಿ. ಮದುವೆಯಾಗಿ ಎಂಟು ವರ್ಷವಾದರೂ ಅಚ್ಚಿನ ವಾಸನೆ ಹೋಗಿರಲಿಲ್ಲ. ಬಣ್ಣವೂ ಮಾಸಿರಲಿಲ್ಲ.

"ಚಿಕ್ಕಪ್ಪ, ಹೊಸದರ ಥರಾನೇ ಇದೆ ನೋಡಿ. ಪಾಪು ಬರ್ತ್‌ಡೇಗೆ ಬಂದ ಮಕ್ಕಳಿಗೆ ಇದರಲ್ಲೇ ಗಿಫ್ಟ್ ಹಾಕಿ ಕೊಡೋಣ. ಅಪ್ಪ ಅಮ್ಮನ ಹೆಸರು ಫ್ರೀ" ಎಂದು ನಕ್ಕಳು. ಕಟ್ಟಿನ ದಾರ ಬಿಚ್ಚಲು ನೋಡಿದಳು. ಉಗುರು ಹಾಕಿ ಎಳೆದಳು, ಹಲ್ಲಿಂದ ಕಚ್ಚಿದಳು. "ಯಾವ ಪುಣ್ಯಾತ್ಮ ಇಷ್ಟು ಬಿಗಿಯಾಗಿ ಕಟ್ಟಿದ್ದು?"

"ನಾನೇ ಕಣಮ್ಮ" ಎಂದೆ. ಅಲ್ಲಿಗೆ ಸುಮ್ಮನಿರಬಹುದಿತ್ತು. ಎಂಟು ವರ್ಷ ಸುಮ್ಮನೇ ಇದ್ದೆ. ಅವತ್ತು ಆಗಲಿಲ್ಲ.

ಆ ಗಂಟಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಪತ್ರಿಕೆಗೆ ಸೇರಿದ ಹೊಸದರಲ್ಲಿ ನನ್ನನ್ನು ಸಂಪಾದಕೀಯಕ್ಕೆ ಬಿಟ್ಟುಕೊಳ್ಳಲಿಲ್ಲ, ಪಾರ್ಸೆಲ್ ವಿಭಾಗಕ್ಕೆ ಹಾಕಿದರು. ಯಶವಂತಪುರದಿಂದ ರೈಲು ಹತ್ತುವ ಪತ್ರಿಕೆಯ ಕಟ್ಟುಗಳಿಗೆ ದಾರ ಬಿಗಿಯುವುದು ಕೆಲಸ. ಎರಡು ಸುತ್ತು ಹಾಕಿ, ತುದಿಯನ್ನು ಒಳಗಿಂದ ತೂರಿಸಿ, ಮೊಣಕಾಲು ಊರಿ ಎಳೆಯಬೇಕು. ಹಾಗೆ ಎಳೆದರೆ ಕತ್ತರಿಯಿಲ್ಲದೆ ಬಿಚ್ಚುವುದಿಲ್ಲ. ಆಮೇಲೆ ನಾನು ಉಪಸಂಪಾದಕನಾದೆ, ಜಿಲ್ಲಾ ಪುಟಗಳ ಮುಖ್ಯಸ್ಥನೂ ಆದೆ. ಬರೆದ ತಲೆಬರಹಗಳಲ್ಲಿ ನಾಲ್ಕು ಜನ ನೆನಪಿಟ್ಟುಕೊಂಡದ್ದು ಒಂದೂ ಇಲ್ಲ. ಮನೆಯಲ್ಲಿ ನನಗೆ ಮರ್ಯಾದೆ ತಂದದ್ದು ಗಂಟು. ಅಕ್ಕಿ ಮೂಟೆ, ಹಾಸಿಗೆ ಸುರುಳಿ, ಗೌರಿ ಹಬ್ಬದ ಬಾಗಿನ, ಯಾವುದಿದ್ದರೂ "ಅವನ್ನ ಕರೀರಿ" ಎನ್ನುತ್ತಿದ್ದರು.

ನೀವು ಬೆಂಗಳೂರಿನ ಮದುವೆಗಳಿಗೆ ಹೋಗುವವರಾದರೆ ತಾಂಬೂಲದ ಚೀಲ ಗೊತ್ತೇ ಇರುತ್ತದೆ. ಊಟ ಮುಗಿಸಿ ಹೊರಡುವಾಗ ತೆಂಗಿನಕಾಯಿ, ಎಲೆ, ಅಡಿಕೆ ಹಾಕಿ ಕೈಗೆ ಕೊಡುತ್ತಾರೆ. ಕಾಯಿ ಎರಡು ದಿನದಲ್ಲಿ ಚಟ್ನಿಯಾಗುತ್ತದೆ. ಚೀಲ ವರ್ಷಗಟ್ಟಲೆ ಅಡುಗೆಮನೆ ಬಾಗಿಲಿನ ಹಿಂದೆ ನೇತಾಡುತ್ತದೆ. ಸಿಟಿ ಬಸ್ ಓಡಿಸಿ ನಿವೃತ್ತನಾದ ಅಣ್ಣ ಮಗಳ ಮದುವೆಗೆ ಚೀಲ ಮಾಡಿಸುವಾಗ ಅಂಗಡಿಯವನ ಜೊತೆ ವಾದವನ್ನೇ ಮಾಡಿದ್ದ.

"ಪ್ಲಾಸ್ಟಿಕ್ ಕವರ್ ಬ್ಯಾಡ ಕಣಪ್ಪಾ. ಪ್ರಕೃತಿ ಆಳಾಯ್ತದೆ. ಬಟ್ಟೇದೇ ಕೊಡು."

ಅಂಗಡಿಯವನು ಕೊಟ್ಟದ್ದು ಬಟ್ಟೆಯಂತೆ ಕಾಣುವ, ಮುಟ್ಟಿದರೆ ಬಟ್ಟೆಯಂತೆಯೇ ಇರುವ ಚೀಲ. ಅದೂ ಪ್ಲಾಸ್ಟಿಕ್ಕೇ, ನೂಲಿನ ಎಳೆ ಒಂದೂ ಇಲ್ಲ ಎನ್ನುವುದು ಅವತ್ತು ಅಣ್ಣನಿಗೆ ಗೊತ್ತಿರಲಿಲ್ಲ. ಪ್ಲಾಸ್ಟಿಕ್ ನಿಷೇಧದ ಬಗ್ಗೆ ಹತ್ತಾರು ವರದಿ ತಿದ್ದಿದ್ದ ನನಗೂ ಗೊತ್ತಿರಲಿಲ್ಲ. ಯಲಹಂಕದ ಕಲ್ಯಾಣ ಮಂಟಪದಲ್ಲಿ ಮದುವೆ ನಡೆದ ದಿನ ಮಳೆ ಹಿಡಿದು ಜನ ಕಡಿಮೆಯಾದರು. ಚೀಲಗಳು ಉಳಿದವು.

ನಮ್ಮಲ್ಲಿ ಮನೆಯ ಮದುವೆ ಮುಗಿದ ವರ್ಷ ಬಸ್ಸು ಮಾಡಿಕೊಂಡು ಎಲ್ಲರೂ ಒಟ್ಟಿಗೆ ದೇವರ ದರ್ಶನಕ್ಕೆ ಹೋಗುವ ರೂಢಿ. ಆ ಡಿಸೆಂಬರ್‌ನಲ್ಲಿ ಧರ್ಮಸ್ಥಳ ಮುಗಿಸಿ, ಗೋಕರ್ಣ ಮುಗಿಸಿ, ಅಲ್ಲೇ ಹತ್ತಿರದ ಸಣ್ಣ ಕಡಲತೀರಕ್ಕೆ ಹೋದೆವು. ಹೋಟೆಲಿನ ಅನ್ನ ಅತ್ತಿಗೆಗೆ ಒಗ್ಗದು. ಛತ್ರದ ಹಿತ್ತಲಲ್ಲಿ ಸ್ಟವ್ ಹಚ್ಚಿ ಪುಳಿಯೋಗರೆ ಕಲಸಿ, ಊರಿಂದ ತಂದ ಚಪಾತಿ ಜೊತೆಗಿಟ್ಟು, ಒಬ್ಬೊಬ್ಬರಿಗೆ ಒಂದೊಂದು ಚೀಲ ಮಾಡಿದ್ದರು. ಉಳಿದ ತಾಂಬೂಲದ ಚೀಲ ಖರ್ಚಾಗಲಿ ಎಂದು ಅವನ್ನೇ ತಂದಿದ್ದರು.

ತೀರದಲ್ಲಿ ಗಾಳಿಮರದ ತೋಪಿತ್ತು. ಅಲ್ಲಿ ಆಗಲೇ ಬಾಟಲಿ, ಚಿಪ್ಸ್ ಪೊಟ್ಟಣ, ಒಂಟಿ ಚಪ್ಪಲಿ, ಮಗುವಿನ ಡಯಾಪರ್ ಎಲ್ಲ ಬಿದ್ದಿದ್ದವು. ಅತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಥೂ, ಎಂಥಾ ಜನ! ತಿನ್ನೋದು, ಅಲ್ಲೇ ಬಿಸಾಕೋದು. ನಮ್ಮೋರ್ಯಾರೂ ಒಂದ್ ಕಾಗ್ದ ಬಿಸಾಕ್ಬಾರ್ದು ನೋಡಿ. ತಟ್ಟೆ, ಎಂಜಲು ಎಲ್ಲಾ ಚೀಲಕ್ಕೆ ಹಾಕಿ ಗಂಟ್ ಕಟ್ಟಿ."

ಹಾಗೆಯೇ ಮಾಡಿದೆವು. ಉಳಿದ ಅನ್ನ, ಚಪಾತಿ ಚೂರು, ಕಾಗದದ ತಟ್ಟೆ ಅದೇ ಚೀಲದೊಳಗೆ ಹೋದವು. ಹೆಂಗಸರು ಕಟ್ಟಿದ ಗಂಟು ಸಡಿಲ ಎಂದು ನಾನು ಒಂದೊಂದನ್ನೂ ತೆಗೆದುಕೊಂಡು ಹಿಡಿಕೆಗಳನ್ನು ಎರಡು ಸುತ್ತು ಹಾಕಿ ಎಳೆದೆ. ಕಸದ ಡಬ್ಬಿ ಹುಡುಕಿದೆವು, ಇರಲಿಲ್ಲ.

"ಮರದ ಬುಡ್ದಾಗೆ ಸಾಲಾಗಿ ಇಡ್ರಲಾ" ಎಂದ ಅಣ್ಣ. "ಬೆಳಗ್ಗೆ ಗಾಡಿಯೋರು ಎತ್ಕೊಂಡ್ ಓಯ್ತಾರೆ. ಇಂಗೆ ಇಟ್ರೆ ಅವ್ರಿಗೂ ಸಲೀಸು."

ಬೆಂಗಳೂರಿನವರಿಗೆ ಮಾತ್ರ ಬರುವ ಧೈರ್ಯ ಇದು. ನಮ್ಮ ಬೀದಿಯಲ್ಲಿ ಗಂಟು ಹಾಕಿದ ಕವರನ್ನು ಮೂಲೆಯಲ್ಲಿಟ್ಟರೆ ಯಾರೋ ಬಂದು ಒಯ್ಯುತ್ತಾರೆ. ಎಲ್ಲಿಗೆ ಎಂದು ಕೇಳಿದವರಿಲ್ಲ. ಇಡೀ ಲೋಕಕ್ಕೆ ಬೆಳಗಿನ ಗಾಡಿ ಬರುತ್ತದೆ ಎಂದುಕೊಂಡಿದ್ದೆವು. ಚೀಲಗಳು ಮದುವೆಯ ಪಂಕ್ತಿಯಂತೆ ಸಾಲಾಗಿ ಕುಳಿತಿದ್ದವು. ರೂಪಾ ಅವುಗಳ ಫೋಟೋ ಕೂಡ ತೆಗೆದಳು.

ಟೂರ್ ಮುಗಿಸಿ ಬಂದು ಮೂರು ವಾರವಾಗಿರಬಹುದು. ಮಧ್ಯಾಹ್ನ ಮೂರು ಗಂಟೆಗೆ ಕರಾವಳಿಯ ಪುಟ ಕಟ್ಟುತ್ತಿದ್ದೆ. ಆ ಭಾಗದ ನಮ್ಮ ವರದಿಗಾರ ಗಣಪತಿ ಕಳಿಸಿದ ಫೋಟೋ ತೆರೆದುಕೊಂಡಿತು. ಮರಳಿನ ಮೇಲೆ ಹೊಟ್ಟೆ ಬಗೆದ ಆಕಳು. ಪಕ್ಕದಲ್ಲಿ ಹೊಟ್ಟೆಯಿಂದ ತೆಗೆದದ್ದರ ಒದ್ದೆ ರಾಶಿ. ರಾಶಿಯ ಮೇಲೆ, ಪಶುವೈದ್ಯರು ನೀರು ಹಾಕಿ ತೊಳೆದು ಹರವಿದ ಒಂದು ಹಳದಿ ಚೀಲ. ಕುಂಕುಮ ಬಣ್ಣದ ಅಕ್ಷರ ಓದಲು ಬರುತ್ತಿತ್ತು. ಹಿಡಿಕೆಯಲ್ಲಿ ಗಂಟು ಹಾಗೇ ಇತ್ತು. ಎರಡು ಸುತ್ತು.

ಫೋನ್ ಬಂತು.

"ಸರ್, ಫೋಟೋ ಸಿಕ್ತಾ? ಆಕಳು ಮಾದೇವಿ ಅಂತ ಒಬ್ಬವ್ಳದು. ಬೀಚಲ್ಲಿ ಶೇಂಗಾ ಬೇಯ್ಸಿ ಮಾರ್ತಾಳೆ. ಮನೇಲಿ ಅವ್ಳು, ಆಕಳು, ಎರಡೇ ಜೀವ. ಎಂಟು ದಿನ ಮೇವು ಮುಟ್ಲಿಲ್ವಂತೆ, ನಿಂತಲ್ಲೇ ಕುಸೀತು. ಚೀಲದ್ ಮೇಲೆ ಹೆಸ್ರು ಕಾಣ್ತದೆ ನೋಡಿ, ಬೆಂಗ್ಳೂರಿನವ್ರೇ. ಹುಡ್ಕೂಕೆ ಆಗ್ತದಲ್ರಾ?"

"ಹೆಸರು ಯಾಕೆ ಗಣಪತಿ? ಮಾನನಷ್ಟ ಅದೂ ಇದೂ ಅಂತ ಬರುತ್ತೆ."

"ಬೈಯೂಕಲ್ಲ ಸರ್. ಮಾದೇವಿ ಹೇಳಿದ್ದು ಒಂದೇ ಮಾತು. ಇಟ್ಟು ಹೋಗೂದಾದ್ರೆ ಹೋಗ್ಲಿ, ಗಂಟು ಮಾತ್ರ ಹಾಕ್ಬೇಡಿ ಅಂತ ಪೇಪರ್ನಲ್ಲಿ ಬರೀರಿ ಅಂದ್ಳು. ಬಾಯಿ ತೆರ್ದಿದ್ರೆ ಆಕಳು ಮುಸುಡಿ ಹಾಕಿ ಅನ್ನ ತಿಂದು ಚೀಲ ಬಿಡ್ತದಂತೆ. ಗಂಟು ಹಾಕಿದ್ರೆ ವಾಸ್ನೆ ಹೊರಗೆ, ಅನ್ನ ಒಳಗೆ. ಚೀಲಾನೇ ನುಂಗ್ತದೆ. ಅದೊಂದು ಸಾಲು ಬಿಡ್ಬೇಡಿ ಸರ್."

ಹೊಸಬರಿಗೆ ನಾನು ಪಾಠ ಹೇಳುತ್ತಿದ್ದ ಕಾಲ ಅದು. ಯಾರು, ಏನು, ಎಲ್ಲಿ, ಯಾವಾಗ. ಹೆಸರಿಲ್ಲದ ಸುದ್ದಿ ಗಾಳಿಮಾತು. ಮೇಜಿನ ಗಾಜಿನ ಕೆಳಗೆ ಬರೆದೂ ಇಟ್ಟಿದ್ದೆ. ಆ ಗಾಜಿನ ಮೇಲೆ ಮೊಣಕೈ ಊರಿಕೊಂಡೇ ಫೋಟೋದ ಬಲಭಾಗವನ್ನು ಕತ್ತರಿಸಿದೆ. ಹೆಸರು ಹೋಯಿತು, ಗಂಟು ಹೋಯಿತು. ಆಕಳು ಉಳಿಯಿತು. ವರದಿಯ ಕೊನೆಯ ಪ್ಯಾರಾದಲ್ಲಿದ್ದ ಮಾದೇವಿಯ ಮಾತನ್ನು ಜಾಗವಿಲ್ಲವೆಂದು ತೆಗೆದೆ. ಜಾಗವಿತ್ತು. ಅಲ್ಲಿ ಹಲ್ಲಿನ ಪುಡಿಯ ಜಾಹೀರಾತು ಸ್ವಲ್ಪ ದೊಡ್ಡದಾಗಿ ಕೂತಿತು. ಫೋಟೋದ ಕೆಳಗೆ ನಾನು ಬರೆದದ್ದು ಇಷ್ಟು: ಪ್ರವಾಸಿಗರು ಬಿಸಾಡಿದ ಪ್ಲಾಸ್ಟಿಕ್ ತಿಂದು ಮೃತಪಟ್ಟ ಆಕಳು.

ಫೋಟೋ ಚೆನ್ನಾಗಿದೆಯೆಂದು ಎಲ್ಲ ಆವೃತ್ತಿಗಳಲ್ಲೂ ಹಾಕಿದರು. ಮರುದಿನ ಬೆಳಿಗ್ಗೆ ನಮ್ಮ ಮನೆಗೂ ಬಂತು. ದೋಸೆ ತಿನ್ನುತ್ತಾ ಅಣ್ಣ ಪೇಪರ್ ಎತ್ತಿ ಹಿಡಿದ.

"ನೋಡೇ ಇಲ್ಲಿ, ನಾವ್ ಓಗಿದ್ವಲ್ಲ, ಅದೇ ಜಾಗ. ಅಸ ಸತ್ತೋಗದೆ. ಇಂಥೋರ್ನ ಒದ್ದು ಒಳಗಾಕ್ಬೇಕು."

ಅತ್ತಿಗೆ ಕಾವಲಿಯ ಮುಂದಿನಿಂದಲೇ ಹೇಳಿದರು: "ಎಲ್ರೂ ನಮ್ ಥರ ಗಂಟ್ ಕಟ್ಟಿ ಇಟ್ ಬಂದಿದ್ರೆ ಇಂಗಾಯ್ತಿರ್ಲಿಲ್ಲ."

ನಾನು ಇನ್ನೊಂದು ದೋಸೆ ಹಾಕಿಸಿಕೊಂಡೆ. ಆ ಸಂಜೆಯೇ, ಮನೆಯಲ್ಲಿ ಉಳಿದಿದ್ದ ಚೀಲಗಳನ್ನೆಲ್ಲ ಒಟ್ಟುಮಾಡಿ ದಾರ ಬಿಗಿದು ಸಜ್ಜದ ಹಿಂದಿನ ಮೂಲೆಗೆ ತಳ್ಳಿದೆ. ಸುಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಿತ್ತಲಲ್ಲಿ ಒಂದನ್ನು ಸುಟ್ಟು ನೋಡಿದೆ. ಬಟ್ಟೆಯ ಹಾಗೆ ಬೂದಿಯಾಗಲಿಲ್ಲ. ಕರಗಿ ತೊಟ್ಟಿಕ್ಕಿತು, ಕಪ್ಪಗೆ ಗಟ್ಟಿಯಾಯಿತು. ಅದು ಏನೆಂದು ನನಗೆ ಗೊತ್ತಾದದ್ದು ಅವತ್ತೇ. ಮಿಕ್ಕವನ್ನು ಸುಡಲು ಮನಸ್ಸಾಗಲಿಲ್ಲ. ಕಸದ ಗಾಡಿಗೆ ಕೊಡಲೂ ಹೆದರಿಕೆ. ಹೆಸರು ಎಲ್ಲಿ ಹೋಗಿ ತೇಲುತ್ತದೋ.

ಅಣ್ಣ ತೀರಿಕೊಂಡು ಎರಡು ವರ್ಷವಾಯಿತು. ಕೊನೆಯವರೆಗೂ ಅವನು ಸಂತೆಗೆ ಹೋಗುವಾಗ, ತನಗೆಂದು ಮೊದಲೇ ಎತ್ತಿಟ್ಟುಕೊಂಡಿದ್ದ ಒಂದು ಹಳದಿ ಚೀಲ ಮಡಚಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಅಂಗಡಿಯವರು ಕವರ್ ಕೊಟ್ಟರೆ ಗದರುತ್ತಿದ್ದ. ಅವನಿಗೆ ಹೇಳಬಹುದಾಗಿದ್ದ ದಿನಗಳು ಬಹಳ ಇದ್ದವು.

ಇಷ್ಟನ್ನು ಏಣಿಯ ಪಕ್ಕ ನಿಂತು ರೂಪಾಳಿಗೆ ಹೇಳಿದೆ. ಅವಳು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತು ಕೇಳಿದಳು. ಒಳಗೆ ಅತ್ತಿಗೆ ಟಿವಿ ನೋಡುತ್ತಿದ್ದರು.

"ಚಿಕ್ಕಪ್ಪ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ" ಎಂದಳು ರೂಪಾ. "ನನ್ನ ಹೆಸರು ಕಾಣುತ್ತೆ ಅಂತ ಕಟ್ ಮಾಡಿದ್ರಾ, ನಿಮ್ಮ ಗಂಟು ಕಾಣುತ್ತೆ ಅಂತ ಕಟ್ ಮಾಡಿದ್ರಾ?"

ಮೂವತ್ತು ವರ್ಷ ವರದಿಗಾರರಿಂದ ಊರವರಿಗೆಲ್ಲ ಪ್ರಶ್ನೆ ಕೇಳಿಸುವ ಕೆಲಸ ಮಾಡಿದವನು ನಾನು. "ಹೆಸರು" ಎಂದೆ.

"ಗಂಟು ಯಾರದ್ದು ಅಂತ ಓದೋರಿಗೆ ಹೇಗ್ ಗೊತ್ತಾಗುತ್ತೆ? ನಿಮಗೊಬ್ರಿಗೇ ತಾನೇ ಗೊತ್ತಾಗೋದು. ಹೆಸರು ಮಾತ್ರ ತೆಗೆದು ಗಂಟು ಬಿಡಬಹುದಿತ್ತಲ್ಲ. ಹೋಗ್ಲಿ, ಆಯಮ್ಮನ ಮಾತು? ಅದರಲ್ಲಿ ಯಾರ ಹೆಸರಿತ್ತು?"

ಅವಳು ನನ್ನ ಫೋನ್ ತಂದು ಕೈಗಿಟ್ಟಳು. "ಆ ಗಣಪತಿ ಅನ್ನೋರ ನಂಬರ್ ಇದೆಯಾ? ಈಗ್ಲೇ ಮಾಡಿ. ನಾನಿಲ್ಲೇ ಕೂತಿರ್ತೀನಿ."

ಗಣಪತಿ ಪತ್ರಿಕೆ ಬಿಟ್ಟು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಎಲ್ಲವನ್ನೂ ಹೇಳಿದೆ.

"ನಂಗೆ ಅವತ್ತೇ ಗೊತ್ತಿತ್ತು ಸರ್" ಎಂದ. "ಚೀಲದ್ ಮೇಲೆ ಅಮೃತಹಳ್ಳಿ ಅಂತ ಇತ್ತಲ್ರಾ. ನಿಮ್ಮನೆಗೆ ಮುರುಗಲ ಹುಳಿ ಕಳ್ಸಿದ್ನಲ್ಲ, ಅದೇ ವಿಳಾಸ, ನಿಮ್ಮಣ್ಣನ ಹೆಸ್ರಲ್ಲಿ. ಅದ್ಕೇ ಫೋನ್ ಮಾಡಿದ್ದು. ನೀವೇ ಹೇಳ್ತೀರಿ ಅಂದ್ಕಂಡಿದ್ದೆ."

ಮಾದೇವಿ ಹೇಗಿದ್ದಾರೆ ಎಂದು ಕೇಳಿದೆ. ಇದ್ದಾರೆ, ಶೇಂಗಾ ಮಾರುತ್ತಾರೆ, ಮತ್ತೆ ಆಕಳು ಕಟ್ಟಲಿಲ್ಲ ಎಂದ. ಊರಿನವರ ದನಗಳು ಈಗಲೂ ತೋಪಿಗೆ ಬರುತ್ತವೆ. ತೀರದಲ್ಲಿ ಈಗ ಕಸದ ಡಬ್ಬಿ ಇದೆ, ತುಂಬಿರುತ್ತದೆ. ಒಳ್ಳೆಯ ಪ್ರವಾಸಿಗರು ತಮ್ಮ ಎಂಜಲನ್ನು ಕವರಿಗೆ ಹಾಕಿ, ಬಿಗಿಯಾಗಿ ಗಂಟು ಕಟ್ಟಿ, ಗಾಳಿಮರದ ಬುಡದಲ್ಲಿ ಸಾಲಾಗಿ ಇಟ್ಟು ಹೋಗುತ್ತಾರೆ. ಎಂಟು ವರ್ಷದಿಂದ ಪ್ರತಿ ಭಾನುವಾರ ಸಂಜೆ ಬಸ್ಸುಗಳು ಹೊರಟ ಮೇಲೆ ಮಾದೇವಿ ಅಲ್ಲಿಗೆ ಹೋಗಿ ಒಂದೊಂದೇ ಗಂಟು ಬಿಚ್ಚುತ್ತಾರೆ.

ವಿಷಯ ತಾನೇ ಅವರಿಗೆ ತಿಳಿಸುತ್ತೇನೆ ಎಂದ ಗಣಪತಿ. ಸೋಮವಾರ ಮಧ್ಯಾಹ್ನ ಮತ್ತೆ ಫೋನ್ ಮಾಡಿದ. ಮಾದೇವಿ ಭಾನುವಾರ ಸಂಜೆ ತೋಪಿನಲ್ಲೇ ಸಿಕ್ಕರಂತೆ. ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು, ಕೈ ನಿಲ್ಲಿಸಲಿಲ್ಲ. "ಅಷ್ಟು ಬಿಗಿ ಗಂಟು ಅವ್ರಿಗೆ ಬಿಚ್ಚೂಕೆ ಬರ್ತದಾ ಕೇಳಿ. ಬೆರಳು ನೋಯ್ತದೆ" ಎಂದರು. ಕತ್ತಲಾಗುವವರೆಗೆ ಬಿಚ್ಚಿದರು. ಏಳು ಚೀಲಗಳು ಹಾಗೇ ಉಳಿದವು. ಬೆಳಿಗ್ಗೆ ಗಣಪತಿ ಹೋಗಿ ನೋಡಿದಾಗ ಮರದ ಬುಡದಲ್ಲಿ ದನಗಳ ಗೊರಸಿನ ಗುರುತುಗಳ ನಡುವೆ ಐದು ಇದ್ದವು.