ಸ್ಟಾರ್ಟರ್ ಮೇಲಿನ ಟವೆಲ್

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ರೆಕಾರ್ಡರಿನ ಪರದೆಯ ಮೇಲೆ ಆ ಹೊತ್ತು ಇತ್ತು. ಅದನ್ನು ಹಿಡಿದುಕೊಂಡು ನಿಂತಿದ್ದವನು ನಾನು. ಸಿರುಗುಪ್ಪದ ಹಳೆಯ ಅಕ್ಕಿ ಗಿರಣಿಯಲ್ಲಿ ಗೆಳೆಯ ಬೆಲ್ಟಿನ ಗಾಲಿಯ ಹಿಂದೆ ಬಗ್ಗಿ, ಕಬ್ಬಿಣದ ಚೌಕಟ್ಟಿಗೆ ಮೈಕು ಕಟ್ಟುತ್ತಿದ್ದ.

ಬಳ್ಳಾರಿಯ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬ್ಯಾಂಡಿನಲ್ಲಿದ್ದೆವು. ಕುರುಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಅವನಿಗೆ ಗಿಟಾರು ಹಿಡಿಯುವುದನ್ನು ಕಲಿಸಿದ್ದು ನಾನು. ನನ್ನ ಹಾಡುಗಳನ್ನು ಕೇಳಿದವರು "ಚೊಲೋ ಐತಿ" ಎಂದು ಮರೆತುಬಿಡುತ್ತಿದ್ದರು. ಅವನು ಗಿಟಾರನ್ನು ಗರಗಸದಂತೆ ಕಿರುಚಿಸಿ, ಅದರ ಜೊತೆ ಗಿರಣಿಯ ಸದ್ದು ಸೇರಿಸಿ ಒಂದು ರಾಕ್ ಆಲ್ಬಂ ಮಾಡಲು ಹೊರಟಿದ್ದ. ಹುಚ್ಚು ಎಂದು ನಕ್ಕಿದ್ದೆ. ನನಗೇ ಯಾಕೆ ಹೊಳೆಯಲಿಲ್ಲ ಎಂದು ಒಳಗೇ ಉರಿದಿದ್ದೆ. ಆದರೂ ಸಹಾಯಕ್ಕೆಂದು ಹೋದೆ.

ಆ ಗಿರಣಿಯಲ್ಲಿ ಒಂದು ಪದ್ಧತಿ ಇದೆ. ಯಂತ್ರದೊಳಗೆ ಯಾರಾದರೂ ಕೈ ಹಾಕುವ ಮುಂಚೆ, ಮೋಟರು ಚಾಲೂ ಮಾಡುವ ಸ್ಟಾರ್ಟರಿನ ಹಿಡಿಕೆಗೆ ಟವೆಲ್ ಹಾಕಬೇಕು. ಅದು ಅಲ್ಲಿರುವ ತನಕ ಮಾಲೀಕನೂ ಹಿಡಿಕೆ ಮುಟ್ಟುವಂತಿಲ್ಲ. ಮೋಟರು ನೋಡಿಕೊಳ್ಳುವ ತಾತ ತನ್ನದೇ ಕೆಂಪು ಟವೆಲ್ ಹಾಕಿ, "ಚಾ ಕುಡದು ಬರ್ತೀನಿ. ಕೆಲಸ ಮುಗದ ಮ್ಯಾಲ ತಗೀರಿ" ಎಂದು ಹೇಳಿ ಹೋಗಿದ್ದರು.

ಗೆಳೆಯನಿಗೆ ಮೊದಲು ಸುಮ್ಮನಿರುವ ಗಿರಣಿಯ ಸದ್ದು ಬೇಕಿತ್ತು. ಹೆಡ್‌ಫೋನ್ ನನ್ನ ಕಿವಿಯಲ್ಲಿತ್ತು, ರೆಕಾರ್ಡರು ಓಡುತ್ತಿತ್ತು. ಕಿಟಕಿಯ ಗಾಳಿಗೆ ಟವೆಲಿನ ಅಂಚು ತಗಡಿಗೆ ತಾಗಿ ಸರಸರ ಎನ್ನುತ್ತಿತ್ತು. ಅವನ ಕಿವಿಗೆ ಬೀಳದ್ದು ನನಗೆ ಕೇಳಿಸಿತು ಎಂಬ ಹೆಮ್ಮೆಯಲ್ಲಿ, ಅವನನ್ನು ಕೇಳದೆ, ಟವೆಲ್ ತೆಗೆದು ನನ್ನ ಹೆಗಲಿಗೆ ಹಾಕಿಕೊಂಡೆ.

ತಾತ ಬಂದರು. ಹಿಡಿಕೆ ಬರಿದಾಗಿತ್ತು; ಗಾಲಿಯ ಹಿಂದೆ ಇನ್ನೂ ಮೈಕು ಹಿಡಿದು ಬಗ್ಗಿದ್ದ ಗೆಳೆಯ ಅವರಿಗೆ ಕಾಣಲಿಲ್ಲ. ಅವರ ಕೈ ಅದರ ಮೇಲೆ ಹೋಗುವುದನ್ನು ನೋಡಿದೆ. ಒಂದು ಕೂಗು ಸಾಕಿತ್ತು. ಕೂಗಿದರೆ ತಪ್ಪು ನನ್ನದೆಂದು ತಿಳಿಯುತ್ತದೆ ಎಂದು ಹೊಳೆಯಿತು. ಈ ಆಲ್ಬಂ ಇಲ್ಲಿಗೇ ನಿಂತರೆ ನಿಲ್ಲಲಿ ಎಂದೂ ಹೊಳೆಯಿತು. ಆಮೇಲೆ ಕೂಗಿದೆ.

ಬೆಲ್ಟು ಆಗಲೇ ತಿರುಗಿತ್ತು. ವೈರು ಹೋಯಿತು, ಮೈಕು ಹೋಯಿತು, ಅಂಗಿಯ ತೋಳು ಹರಿದು ಹೋಯಿತು. ಗೆಳೆಯನ ಕೈ ಮಾತ್ರ ಹಿಂದೆ ಬಂತು, ಮೊಣಕೈಯಿಂದ ಮುಂಗೈವರೆಗೆ ಚರ್ಮ ಕಿತ್ತುಕೊಂಡು.

ತಾತ ಮೋಟರು ನಿಲ್ಲಿಸಿ ತೌಡಿನ ಚೀಲದ ಮೇಲೆ ಕುಸಿದರು. "ನಾ ಟವೆಲ್ ಹಾಕಿದ್ನಲ್ಲ? ಹಾಕಿದ್ದಿಲ್ಲೇನು?" ನಾನು ಗೆಳೆಯನ ಕಡೆ ಓಡಿದೆ. ಟವೆಲ್ ನನ್ನ ಹೆಗಲಿನಿಂದ ಜಾರಿ ತೌಡಿನಲ್ಲಿ ಬಿದ್ದಿತ್ತು. ವಯಸ್ಸಾಯಿತು, ಮರೆವು ಎಂದು ಮಾಲೀಕ ಅವರನ್ನು ಸ್ಟಾರ್ಟರಿನಿಂದ ಬಿಡಿಸಿ ಚೀಲದ ಬಾಯಿ ಹೊಲಿಯಲು ಕೂರಿಸಿದ.

ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ತಾತನ ಕೈ ಹಿಡಿಕೆಯ ಕಡೆ ಹೋಗುತ್ತಿತ್ತು.

ಐದು ತಿಂಗಳ ಮೇಲೆ ಆಲ್ಬಂ ಬಂತು. ಕೊನೆಯ ಹಾಡಿನಲ್ಲಿ ಗೆಳೆಯ ಗಿರಣಿಯ ಆ ಹೊತ್ತಿನ ಸದ್ದನ್ನು ಕತ್ತರಿಸದೆ ಇಟ್ಟಿದ್ದ. ಬಳ್ಳಾರಿಯ ಚಹಾದಂಗಡಿಯಲ್ಲಿ ನಮ್ಮ ಹಳೆಯ ಸಹಪಾಠಿಗಳಿಬ್ಬರು ಅದಕ್ಕಾಗಿ ಕಿತ್ತಾಡಿದರು.

"ಇದು ಹಾಡೇನಲೇ? ಬೋರ್ ಕೊರದಂಗೈತಿ. ನಮ್ಮ ಎಮ್ಮಿ ಕೇಳಿದ್ರ ಹಾಲು ಕೊಡಂಗಿಲ್ಲ."

"ನಿನ್ನ ಕಿವಿ ಮದುವಿ ಬ್ಯಾಂಡಿಗಷ್ಟಾ ಲಾಯಕ್ಕು, ಬಿಡಲೇ. ಆ ಕೊನೀ ಹಾಡು ಕೇಳಿದಾಗ ನನ್ನ ಎದಿ ನಿಂತಿತ್ತು."

ನನ್ನ ಹಾಡಿಗಾಗಿ ಯಾರೂ ಹೀಗೆ ಜಗಳವಾಡಿರಲಿಲ್ಲ. ಹೊಗಳಿದವನ ಮೇಲಿರಲಿ, ಬೈದವನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಸಿಟ್ಟು ಬರಿಸುವ ಶಕ್ತಿ ನನಗಿರಲಿಲ್ಲ.

ಕುರುಗೋಡಿಗೆ ಹೋದೆ. ಗೆಳೆಯನ ಕೈಯ ಗಾಯ ಮಾಗಿ ತಿಳಿಗೆಂಪು ಪಟ್ಟಿಯಾಗಿತ್ತು. ಅವನು ಕೊನೆಯ ಹಾಡು ಹಚ್ಚಿದ.

"ಇಲ್ಲಿ ಕೇಳು. ಸರಸರ ಐತಿ. ಹಾ, ಈಗ ನಿಂತತಿ. ಆಮ್ಯಾಲ ಅಷ್ಟೊತ್ತು ಏನಿಲ್ಲ. ಕೇಳಿದವ್ರೆಲ್ಲ ಇದನ್ನ ಹೆಂಗ ಮಾಡಿದಿ ಅಂತಾರ. ನನಗಾ ಗೊತ್ತಿಲ್ಲ, ತಾನಾ ಬಂದೈತಿ ಅಂತೀನಿ."

ನನಗೆ ತಡೆಯಲಾಗಲಿಲ್ಲ. ಪಶ್ಚಾತ್ತಾಪದಿಂದ ಬಾಯಿಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ತಪ್ಪಿನ ಹೆಸರೂ ಅವನಿಗೇ ಹೋಯಿತಲ್ಲ ಎಂಬ ಉರಿ ಅದು.

"ತಾನಾ ಬಂದಿದ್ದಲ್ಲ. ನಾ ಮಾಡಿದ್ದು. ಟವೆಲ್ ನಾ ತಗದೆ."

ಹಾಡು ಮುಂದೆ ಹೋಗುತ್ತಲೇ ಇತ್ತು. ಮೋಟರು ಎದ್ದಿತು. ಆಮೇಲೆ ನನ್ನ ಕೂಗು, ತಡವಾಗಿ. ಅವನು ನಿಲ್ಲಿಸಿದ.

"ತಾತಗ ಹೇಳಿದೇನು?"

"ಇಲ್ಲ."

"ಇದರಾಗೂ ನಿನಗ ಹೆಸರು ಬೇಕಾತಲೇ." ತನ್ನ ಕೈಯ ಪಟ್ಟಿಯನ್ನು ಸವರಿಕೊಂಡ. "ಆತು, ಆಲ್ಬಂ ಮ್ಯಾಲ ನಿನ್ನ ಹೆಸರೂ ಹಾಕ್ತೀನಿ. ಮೊದಲ ಸಿರುಗುಪ್ಪಕ್ಕ ಹೋಗು."

ಮರುದಿನ, ಗುರುವಾರ, ಹೋದೆ. ಮಾಲೀಕನ ಮುಂದೆ, ಹಮಾಲರು ಕೇಳುವಂತೆ, ಆದದ್ದನ್ನೆಲ್ಲ ಹೇಳಿದೆ. ಚೀಲ ಹೊಲಿಯುತ್ತಿದ್ದ ತಾತ ದಬ್ಬಣ ಕೆಳಗಿಟ್ಟರು.

"ಅಂದ್ರ, ನಾ ಹಾಕಿದ್ನಿ."

"ಹಾಕಿದ್ರಿ, ತಾತ."

"ದಿನಾ ಮನಿ ಕೀಲಿ ಮೂರು ಸರ್ತಿ ನೋಡ್ತಿದ್ನಲೋ ತಮ್ಮಾ. ಹಾಕೀನೋ, ಮರತೀನೋ ಅಂತ." ಇನ್ನೇನೋ ಬೈಯಲು ಹೋಗಿ ಬಿಟ್ಟರು. ನನಗೆ ಚಹಾ ಹೇಳಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ. ಎದ್ದು, ಮಾಲೀಕನನ್ನು ಕೇಳದೆಯೇ ಸ್ಟಾರ್ಟರಿನ ಕಡೆ ನಡೆದರು. ಮಾಲೀಕ ತಡೆಯಲಿಲ್ಲ.

ಗೆಳೆಯ ಆಲ್ಬಮ್ಮಿನ ಮೇಲೆ ನನ್ನ ಹೆಸರು ಹಾಕಲೇ ಎಂದು ಕೇಳಿದಾಗ ಬೇಡ ಎಂದೆ. ಅವನ ಮೇಲಿನ ಹೊಟ್ಟೆಕಿಚ್ಚು ಈಗಲೂ ಇದೆ. ಆದರೆ ಆ ಗುರುವಾರ ಬಳ್ಳಾರಿಗೆ ಬಂದು ಮಲಗಿದವನು, ಮರುದಿನ ಹಾಲಿನವನ ಹಾರ್ನಿಗೇ ಎಚ್ಚರಗೊಂಡೆ.